ಮರುಹರಿವಿನ ಲೆಕ್ಕ: ಲಘು ವಿಮಾನಗಳಲ್ಲಿ ಇಂಧನದ ಅಳತೆ ಮತ್ತು ವೃತ್ತಿಜ್ಞಾನ

ಜನಪದ ಜ್ಞಾನವೆಂದೊಡನೆ ಬೇಸಾಯ, ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಗಳತ್ತ ಗಮನ ಹರಿಯುವುದು ಸಹಜ. ಆದರೆ ಯಂತ್ರಗಳೊಡನೆ ದುಡಿಯುವ ಸಮುದಾಯಗಳಲ್ಲಿಯೂ ಮಾತು, ನಂಬಿಕೆ, ರೂಢಿಗಳ ಮೂಲಕ ಹಿರಿಯರಿಂದ ಕಿರಿಯರಿಗೆ ಸಾಗುವ ತಿಳಿವಳಿಕೆಯುಂಟು. ವೃತ್ತಿ ಜಾನಪದದ ತಿರುಳು ಕೆಲಸದ ತಂತ್ರದಲ್ಲಿಯೇ ಇದೆಯೆಂದು ಅಮೆರಿಕದ ವಿದ್ವಾಂಸ ರಾಬರ್ಟ್ ಮೆಕ್‌ಕಾರ್ಲ್ 1978ರಲ್ಲಿ ಪ್ರತಿಪಾದಿಸಿದರು. ಲಘು ವಿಮಾನಗಳ ಚಾಲಕರು ಮತ್ತು ತಂತ್ರಜ್ಞರು ಇಂಧನವನ್ನು ಅಳೆಯುವ ಬಗೆ ಈ ಮಾತಿಗೆ ತಕ್ಕ ನಿದರ್ಶನವಾಗಿದೆ. ಇಲ್ಲಿ ಅಳತೆ ತಪ್ಪಿದರೆ ಎಂಜಿನ್ ನಿಲ್ಲುವುದು ಆಕಾಶದಲ್ಲಿ.

ಇಂಧನಮಾಪಕದ ಮುಳ್ಳು ಟ್ಯಾಂಕು ಬರಿದಾದಾಗ ಮಾತ್ರ ನಿಜ ಹೇಳಿದರೆ ಸಾಕೆಂದು ಕಾನೂನೇ ಹೇಳುತ್ತದೆ ಎಂಬ ನಂಬಿಕೆ ಅಮೆರಿಕದ ವಿಮಾನ ಚಾಲಕರಲ್ಲಿ ವ್ಯಾಪಕವಾಗಿದೆ. ಅಲ್ಲಿನ ನಿಯಮದ ಆಶಯ ಬೇರೆ. ಸಮತಲ ಹಾರಾಟದಲ್ಲಿ ಬಳಕೆಗೆ ಬಾರದ ಇಂಧನವಷ್ಟೇ ಉಳಿದಾಗ ಮುಳ್ಳು ಸೊನ್ನೆಯನ್ನು ತೋರಬೇಕೆಂದು ಅದು ವಿಧಿಸುತ್ತದೆ. ಅಂದರೆ ಸೊನ್ನೆಯ ಸ್ಥಾನವನ್ನು ನಿಗದಿಪಡಿಸುತ್ತದೆಯೇ ಹೊರತು ಉಳಿದೆಡೆ ತಪ್ಪು ತೋರಲು ಅನುಮತಿ ನೀಡುವುದಿಲ್ಲ. ನಂಬಿಕೆಯ ಆಧಾರ ದುರ್ಬಲವಾದರೂ ಅದು ಪೋಷಿಸಿರುವ ರೂಢಿ ಹಿತಕರವಾದುದು. ಹಾರಾಟಕ್ಕೆ ಮುನ್ನ ಟ್ಯಾಂಕಿನ ಮುಚ್ಚಳ ತೆರೆದು, ಗೆರೆ ಕೊರೆದ ಕಡ್ಡಿಯನ್ನು ಇಳಿಸಿ, ಒದ್ದೆಯಾದ ಗುರುತನ್ನು ಓದುವುದೇ ಆ ರೂಢಿ. ಆದರೆ ಕಡ್ಡಿ ಹೇಳುವುದು ನೆಲದ ಮೇಲಿನ ದಾಸ್ತಾನನ್ನು ಮಾತ್ರ. ಗಂಟೆಗೆ ಎಷ್ಟು ಲೀಟರ್ ವ್ಯಯವಾಗುತ್ತಿದೆಯೆಂದು ತಿಳಿಯಲು ಹರಿವಿನ ಮಾಪಕ ಬೇಕು.

ಸಾಮಾನ್ಯ ಹರಿವಿನ ಮಾಪಕದೊಳಗೆ ಸಣ್ಣದೊಂದು ಚಕ್ರವಿರುತ್ತದೆ. ಇಂಧನ ಹರಿದಂತೆ ಅದು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ವಿದ್ಯುತ್ ಮಿಡಿತಗಳು ಹೊರಡುತ್ತವೆ. ನಿರ್ದಿಷ್ಟ ಪ್ರಮಾಣದ ಇಂಧನಕ್ಕೆ ಎಷ್ಟು ಮಿಡಿತ ಎಂಬ ಸಂಖ್ಯೆಯನ್ನು ಕೆ-ಫ್ಯಾಕ್ಟರ್ ಎನ್ನುತ್ತಾರೆ. ಮಾಪಕ 40 ಲೀಟರ್ ಖರ್ಚಾಯಿತೆಂದು ತೋರಿಸಿ, ಟ್ಯಾಂಕನ್ನು ಮತ್ತೆ ಅದೇ ಮಟ್ಟಕ್ಕೆ ತುಂಬಿಸುವಾಗ 42 ಲೀಟರ್ ಹಿಡಿದರೆ ಕೆ-ಫ್ಯಾಕ್ಟರನ್ನು 42ರಲ್ಲಿ 40 ಭಾಗಕ್ಕೆ ಇಳಿಸಬೇಕಾಗುತ್ತದೆ. ಹಲವು ಹಾರಾಟಗಳ ಲೆಕ್ಕವನ್ನು ಒಟ್ಟುಗೂಡಿಸಿ ಈ ತಿದ್ದುಪಡಿ ಮಾಡುವುದು ಲೇಸು. ಒಂದೇ ಸಲದ ಭರ್ತಿಯಲ್ಲಿ ವಿಮಾನ ನಿಂತ ನೆಲದ ಓರೆಯೂ ವ್ಯತ್ಯಾಸ ತರಬಲ್ಲದು.

ರಿಟರ್ನ್ ಲೈನ್ ಎಂದು ಕರೆಯಲಾಗುವ ಮರುಹರಿವಿನ ಕೊಳವೆಯುಳ್ಳ ವಿಮಾನಗಳಲ್ಲಿ ಈ ಲೆಕ್ಕ ಜಟಿಲವಾಗುತ್ತದೆ. ಇಂಥ ವ್ಯವಸ್ಥೆಯಲ್ಲಿ ಪಂಪು ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಇಂಧನವನ್ನು ಒದಗಿಸುತ್ತದೆ. ಮಿಕ್ಕದ್ದು ಆವಿಯ ಗುಳ್ಳೆಗಳನ್ನೂ ಶಾಖವನ್ನೂ ಹೊತ್ತು ಟ್ಯಾಂಕಿಗೆ ಮರಳುತ್ತದೆ. ಇದರಿಂದ ಕೊಳವೆಯಲ್ಲಿ ಆವಿ ಕಟ್ಟಿ ಇಂಧನದ ದಾರಿ ಮುಚ್ಚುವ ಅಪಾಯ ತಗ್ಗುತ್ತದೆ. ಆದರೆ ಮಾಪಕವನ್ನು ಟ್ಯಾಂಕಿನಿಂದ ಹೊರಟ ಮೂಲ ಕೊಳವೆಯಲ್ಲಿ ಕೂರಿಸಿದರೆ, ಉರಿದುದರ ಜೊತೆಗೆ ಮರಳಿದುದನ್ನೂ ಅದು ಖರ್ಚೆಂದೇ ಎಣಿಸುತ್ತದೆ. ಕಡ ಕೊಟ್ಟ ಕಾಳನ್ನು ಅಳೆದು, ಮರಳಿ ಬಂದುದನ್ನು ಕಳೆಯದೆ ಬಿಟ್ಟ ಲೆಕ್ಕದಂತೆ.

ಇದಕ್ಕೆ ನಾಲ್ಕು ಪರಿಹಾರಗಳನ್ನು ಗುರುತಿಸಬಹುದು. ಮೊದಲನೆಯದು, ಮರುಹರಿವು ಕವಲೊಡೆದ ನಂತರದ ಜಾಗದಲ್ಲಿ ಮಾಪಕವನ್ನಿಡುವುದು. ಕಾಂಟಿನೆಂಟಲ್ ಸಂಸ್ಥೆಯ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇಂಧನದ ನಿಯಂತ್ರಕ ಮತ್ತು ಸಿಲಿಂಡರುಗಳಿಗೆ ಹಂಚುವ ಕವಾಟದ ನಡುವೆ ಮಾಪಕವಿಟ್ಟರೆ ಉರಿಯುವ ಇಂಧನವಷ್ಟೇ ಅದರ ಮೂಲಕ ಹಾಯುತ್ತದೆ.

ಎರಡನೆಯದು, ಹೋಗುವ ಮತ್ತು ಮರಳುವ ಕೊಳವೆಗಳೆರಡರಲ್ಲೂ ಮಾಪಕವಿಟ್ಟು ಕಳೆಯುವುದು. ಮೇಲುನೋಟಕ್ಕೆ ಇದು ಸರಳ. ಗಂಟೆಗೆ 100 ಲೀಟರ್ ಹೋಗಿ 80 ಲೀಟರ್ ಮರಳುತ್ತದೆಯೆಂದೂ ಪ್ರತಿ ಮಾಪಕದಲ್ಲಿ ಶೇ. 2ರಷ್ಟು ದೋಷವಿದೆಯೆಂದೂ ಭಾವಿಸೋಣ. ಮೊದಲನೆಯದರಲ್ಲಿ 2 ಲೀಟರ್, ಎರಡನೆಯದರಲ್ಲಿ 1.6 ಲೀಟರ್ ತಪ್ಪಾಗಬಹುದು. ಎರಡೂ ವಿರುದ್ಧ ದಿಕ್ಕಿನಲ್ಲಿದ್ದರೆ, ನಿಜವಾಗಿ ಉರಿದ 20 ಲೀಟರಿನಲ್ಲಿ 3.6 ಲೀಟರಿನ, ಅಂದರೆ ಶೇ. 18ರ ತಪ್ಪು ನುಸುಳುತ್ತದೆ. ಮರಳುವ ಇಂಧನದಲ್ಲಿ ಗುಳ್ಳೆಗಳಿದ್ದರೆ ಚಕ್ರ ಇನ್ನಷ್ಟು ತಪ್ಪೆಣಿಸುತ್ತದೆ.

ಮೂರನೆಯದು, ಮರುಹರಿವನ್ನು ಟ್ಯಾಂಕಿಗೆ ಒಯ್ಯದೆ ಮಾಪಕದ ಮುಂದಣ ಕೊಳವೆಗೇ ಸೇರಿಸುವುದು. ಲೆಕ್ಕ ಸರಿಯಾದರೂ ಶಾಖ ಮತ್ತು ಆವಿ ಅಲ್ಲಿಯೇ ಸುತ್ತತೊಡಗುವುದರಿಂದ ಮರುಹರಿವಿನ ಮೂಲ ಉದ್ದೇಶಕ್ಕೇ ಭಂಗ ಬರುತ್ತದೆ. ನಾಲ್ಕನೆಯದು ಹೊಸದು: ಇಂಜೆಕ್ಟರುಗಳು ತೆರೆದಿರುವ ಅವಧಿಯಿಂದ ಖರ್ಚನ್ನು ಗಣಿಸುವುದು. ಆಸ್ಟ್ರಿಯಾದ ರೋಟಾಕ್ಸ್ 912 ಐಎಸ್ ಎಂಜಿನ್ನಿನ ವಿದ್ಯುನ್ಮಾನ ನಿಯಂತ್ರಕ ಹೀಗೆ ಮಾಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ, 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿಗೆ ಹಾರಿದ ಹಂಸ-ಎನ್‌ಜಿ ವಿಮಾನದಲ್ಲಿರುವುದು ಈ ಬಳಗದ ಎಂಜಿನ್ನೇ ಎಂಬುದು ಗಮನಾರ್ಹ.

ಆದರೆ ಅತ್ಯಂತ ನಿಖರವಾದ ಮಾಪಕಕ್ಕೂ ಕಾಣದ ಸಂಗತಿಯೊಂದಿದೆ. ಸೆಸ್ನಾ 310 ವಿಮಾನದಲ್ಲಿ ಎಂಜಿನ್ ಸಹಾಯಕ ಟ್ಯಾಂಕಿನಿಂದ ಇಂಧನ ಸೆಳೆಯುವಾಗಲೂ ಹೆಚ್ಚುವರಿ ಇಂಧನ ಮರಳುವುದು ಮುಖ್ಯ ಟ್ಯಾಂಕಿಗೆ. ಮುಖ್ಯ ಟ್ಯಾಂಕು ತುಂಬಿದ್ದರೆ ಮರಳಿದ್ದು ಗಾಳಿಕಿಂಡಿಯ ಮೂಲಕ ಹೊರಚೆಲ್ಲುತ್ತದೆ. ಎಂಜಿನ್ನಿನ ಬಳಿಯ ಮಾಪಕ ಉರಿದುದನ್ನು ಸರಿಯಾಗಿಯೇ ಎಣಿಸುತ್ತದೆ. ಚೆಲ್ಲಿಹೋದುದು ಅದರ ಅರಿವಿಗೆ ಬಾರದು. ಆದ್ದರಿಂದಲೇ ಮೊದಲು ಮುಖ್ಯ ಟ್ಯಾಂಕಿನ ಇಂಧನವನ್ನು ಬಳಸಿ ಜಾಗ ಮಾಡಿಕೊಳ್ಳಬೇಕೆಂಬ ನಿಯಮ ಕೈಪಿಡಿಯಲ್ಲಿದೆ, ಶಿಕ್ಷಕರ ಬಾಯಲ್ಲಿಯೂ ಇದೆ. ಕಾರಣವನ್ನು ಬಿಟ್ಟು ನಿಯಮವನ್ನಷ್ಟೇ ಕಲಿತವನು, ಮರುಹರಿವಿನ ದಾರಿ ಬೇರೆಯಾಗಿರುವ ಮತ್ತೊಂದು ವಿಮಾನದಲ್ಲಿ ಅದನ್ನೇ ಅನ್ವಯಿಸಿ ಎಡವಬಹುದು.

ಕಡ್ಡಿಯೂ ತಾನಾಗಿಯೇ ರಕ್ಷಿಸದು. ಕೆನಡಾದಲ್ಲಿ 1983ರ ಜುಲೈ 23ರಂದು ಬೋಯಿಂಗ್ 767 ಪ್ರಯಾಣಿಕ ವಿಮಾನದ ಇಂಧನಮಾಪಕ ಕೆಟ್ಟಿದ್ದಾಗ ಸಿಬ್ಬಂದಿ ಅಳತೆಕಡ್ಡಿಯನ್ನು ಅವಲಂಬಿಸಿದರು. ಲೀಟರನ್ನು ಕಿಲೋಗ್ರಾಮಿಗೆ ಪರಿವರ್ತಿಸುವಾಗ ಪೌಂಡಿನ ಗುಣಕವಾದ 1.77 ಬಳಕೆಯಾಯಿತು. ಬೇಕಾಗಿದ್ದ 22,300 ಕಿಲೋಗ್ರಾಮಿನ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ಹಾರಿದ ವಿಮಾನದ ಎಂಜಿನ್‌ಗಳೆರಡೂ ನಡುದಾರಿಯಲ್ಲಿ ನಿಂತವು. ಚಾಲಕರು ಅದನ್ನು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ತೇಲಿಸಿ ಇಳಿಸಿದರು, ಪ್ರಾಣಹಾನಿಯಾಗಲಿಲ್ಲ. ಕಡ್ಡಿಯ ಓದು ತಪ್ಪಾಗಿರಲಿಲ್ಲ, ಅದನ್ನು ಅರ್ಥೈಸಿದ ಮಾನ ತಪ್ಪಾಗಿತ್ತು.

ಒಟ್ಟಿನಲ್ಲಿ, ಮಾಪಕ ಹರಿದುದನ್ನು ಹೇಳುತ್ತದೆ, ಕಡ್ಡಿ ಉಳಿದುದನ್ನು ಹೇಳುತ್ತದೆ. ಇವೆರಡೂ ತಾಳೆಯಾಗದಿದ್ದಾಗ ಎಲ್ಲಿ ಹುಡುಕಬೇಕೆಂದು ಹೇಳುವುದು ವೃತ್ತಿಜ್ಞಾನ. ಆ ಜ್ಞಾನವನ್ನು ದಾಖಲಿಸುವಾಗ ನಿಯಮದೊಡನೆ ಅದರ ಕಾರಣವನ್ನೂ ಬರೆದಿಡುವುದು ಅಧ್ಯಯನಕಾರರ ಹೊಣೆಯಾಗಿದೆ.