ಒಂಟಿ ಪೋಷಕರು, ಓದುವ ಮಕ್ಕಳು: ಊರವರ ಮಾತು, ಕಾನೂನಿನ ಮಾತು

ಸರ್ಕಾರಿ ಶಾಲೆಯಲ್ಲಿ ಓದುವ ಮಗುವಿಗೆ ಹತ್ತನೇ ತರಗತಿಯವರೆಗೆ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ ಸಿಗುತ್ತವೆ. ಪಿಯುಸಿಗೆ ಕಾಲಿಟ್ಟ ಮೇಲೆ ಖರ್ಚಿನ ಹೊರೆ ಮನೆಯವರ ಹೆಗಲಿಗೇ ಬೀಳುತ್ತದೆ: ಕಾಲೇಜು ಶುಲ್ಕ, ಪುಸ್ತಕ, ಬಸ್ ಪಾಸ್, ಪರೀಕ್ಷೆಯ ಅರ್ಜಿ. ಇಬ್ಬರು ದುಡಿಯುವ ಮನೆಗೇ ಇದು ಕಷ್ಟ. ಒಬ್ಬರೇ ದುಡಿದು ಮಕ್ಕಳನ್ನು ಓದಿಸುವ ಮನೆಯಲ್ಲಿ ಎಷ್ಟೋ ಸಲ ಓದೇ ನಿಂತುಹೋಗುತ್ತದೆ.

ನೆರವಿನ ದಾರಿಗಳು ಇಲ್ಲವೆಂದಲ್ಲ. ಅವು ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ಕಾನೂನುಗಳಲ್ಲಿ ಹರಡಿಕೊಂಡಿವೆ. ನಡುವೆ ಅಡ್ಡ ನಿಲ್ಲುವುದು "ನಿನಗೆ ಅದು ಬರಲ್ಲ ಬಿಡಮ್ಮ" ಎಂಬ ಮಾತು. ಆ ಮಾತು ನಂಬಿ ಅರ್ಜಿಯನ್ನೇ ಹಾಕದವರು ಬಹಳ. ಕರ್ನಾಟಕದಲ್ಲಿ ಹೆಚ್ಚು ಕೇಳಿಬರುವ ಆರು ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಡೈವೋರ್ಸ್ ಆಗದೆ ಜೀವನಾಂಶ ಕೇಳುವಂತಿಲ್ಲ.

ಸತ್ಯ: ಜೀವನಾಂಶಕ್ಕೆ ವಿಚ್ಛೇದನದ ತೀರ್ಪು ಬೇಕಾಗಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಸಾಕುವ ಶಕ್ತಿಯಿದ್ದೂ ಹೆಂಡತಿ ಮಕ್ಕಳನ್ನು ಕೈಬಿಟ್ಟವನಿಂದ ಮಾಸಿಕ ಜೀವನಾಂಶ ಕೊಡಿಸುವ ಅಧಿಕಾರ ಈ ಕಲಂನಡಿ ನ್ಯಾಯಾಲಯಕ್ಕಿದೆ. ಎಲ್ಲ ಧರ್ಮದವರಿಗೂ ಇದು ಅನ್ವಯಿಸುತ್ತದೆ. ಗಂಡನ ಊರಿಗೇ ಹೋಗಿ ಕೇಸು ಹಾಕಬೇಕೆಂದಿಲ್ಲ, ಹೆಂಡತಿ ಈಗ ವಾಸವಿರುವ ಕಡೆಯೇ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಎದುರಿನವರಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಇತ್ಯರ್ಥ ಮಾಡಬೇಕೆಂದು ಕಾನೂನೇ ಹೇಳುತ್ತದೆ.

2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ಮುಖ್ಯ ಸಂಗತಿಗಳನ್ನು ಸ್ಪಷ್ಟಪಡಿಸಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ಗಂಡ, ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಮಕ್ಕಳ ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆ ಭರಿಸಬೇಕು. ತಾಯಿಯೂ ಸಾಕಷ್ಟು ದುಡಿಯುತ್ತಿದ್ದರೆ ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. ಹಾಗಾಗಿ "ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ, ನನ್ನ ಮಕ್ಕಳಿಗೆ ಕೇಳಕ್ಕಾಗಲ್ಲ" ಎಂದು ಯಾವ ತಾಯಿಯೂ ಸುಮ್ಮನಾಗಬೇಕಿಲ್ಲ. ಹಿರಿಯರ ಪಂಚಾಯ್ತಿಗಾಗಿ ಕಾಯುತ್ತ ಅರ್ಜಿಯನ್ನು ಮುಂದೂಡಿದರೆ ಆ ತಿಂಗಳುಗಳ ಹಣ ಕೈತಪ್ಪುವ ಸಂಭವವೇ ಹೆಚ್ಚು.

ಆದೇಶವಾದ ಮೇಲೂ ಹಣ ಬಾರದಿದ್ದರೆ, ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಈ ಗಡುವನ್ನು ಮರೆಯಬಾರದು.

ತಪ್ಪು ಕಲ್ಪನೆ 2: ಕೋರ್ಟಿಗೆ ಹೋದರೆ ವಕೀಲರ ಫೀಜಿಗೇ ಮನೆ ಖಾಲಿ.

ಸತ್ಯ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಉಚಿತ ಕಾನೂನು ನೆರವಿಗೆ ಅರ್ಹರು. ಅವರಿಗೆ ಆದಾಯದ ಮಿತಿಯೇ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 15100 ಸಹಾಯವಾಣಿಗೆ ಕರೆ ಮಾಡಿಯೂ ಕೇಳಬಹುದು. ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವುದು ಭಿಕ್ಷೆಯಲ್ಲ, ಹಕ್ಕು.

ತಪ್ಪು ಕಲ್ಪನೆ 3: ಸರ್ಕಾರದ ನೆರವೆಲ್ಲ ವಿಧವೆಯರಿಗೆ, ಗಂಡ ಬಿಟ್ಟುಹೋದವರಿಗೆ ಏನೂ ಇಲ್ಲ.

ಸತ್ಯ: ಈ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕೇ ಇದು ಹೆಚ್ಚು ಹಾನಿ ಮಾಡುತ್ತದೆ. ವಿಧವಾ ವೇತನ ಹೆಸರೇ ಹೇಳುವಂತೆ ವಿಧವೆಯರದು. ಮನಸ್ವಿನಿ ಯೋಜನೆ 40 ದಾಟಿದ, ಬಡತನ ರೇಖೆಗಿಂತ ಕೆಳಗಿನ ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರದು. ಮೂವತ್ತೈದರ ಹರೆಯದಲ್ಲಿ, ಕೈಯಲ್ಲಿ ತೀರ್ಪಿನ ಪ್ರತಿಯೂ ಇಲ್ಲದೆ, ಹೈಸ್ಕೂಲಿಗೆ ಹೋಗುವ ಮಕ್ಕಳೊಡನೆ ತವರಿಗೆ ಬಂದವಳು ಈ ಎರಡರ ನಡುವಿನ ಕಂದಕಕ್ಕೆ ಬೀಳುತ್ತಾಳೆ. ಇದು ಸರ್ಕಾರ ತುಂಬಲೇಬೇಕಾದ ಕೊರತೆ.

ಆದರೆ ಆಕೆಯ ಮಕ್ಕಳಿಗೆ ಇನ್ನೊಂದು ದಾರಿಯಿದೆ. ಕೇಂದ್ರದ ಮಿಷನ್ ವಾತ್ಸಲ್ಯದಡಿಯ ಪ್ರಾಯೋಜಕತ್ವ ಯೋಜನೆಯಲ್ಲಿ ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬದಿಂದ ಕೈಬಿಡಲ್ಪಟ್ಟವಳಾಗಿದ್ದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ ಮೀರಿರಬಾರದು. ಮಗು ತಪ್ಪದೆ ತರಗತಿಗೆ ಹೋಗುತ್ತಿರಬೇಕು. 18 ವರ್ಷದೊಳಗಿನವರಿಗೆಲ್ಲ ಇದು ಅನ್ವಯಿಸುವುದರಿಂದ ಪಿಯುಸಿ ಓದುವ ಹುಡುಗ ಹುಡುಗಿಯರೂ ಇದರೊಳಗೆ ಬರುತ್ತಾರೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅನುದಾನಕ್ಕೆ ಮಿತಿಯಿದೆ, ಸಮಿತಿ ಪರಿಶೀಲಿಸಿ ಆಯ್ಕೆ ಮಾಡುತ್ತದೆ. ಅರ್ಜಿ ಹಾಕಿದವರೆಲ್ಲರಿಗೂ ಸಿಗುತ್ತದೆಂಬ ಭರವಸೆಯಿಲ್ಲ. ಅರ್ಜಿ ಹಾಕದವರಿಗಂತೂ ಖಂಡಿತ ಸಿಗದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1098 ಮಕ್ಕಳ ಸಹಾಯವಾಣಿಯಲ್ಲಿ ವಿಚಾರಿಸಬಹುದು.

ವಿಧವಾ ವೇತನ ಬರುತ್ತಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಲ್ಲುತ್ತದೆಂಬ ಮಾತೂ ಸುಳ್ಳು. ಪಿಂಚಣಿ ಪಡೆಯುವ ಮಹಿಳೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿಯಾಗಿದ್ದರೆ ಎರಡೂ ಸಿಗುತ್ತವೆ.

ತಪ್ಪು ಕಲ್ಪನೆ 4: ಮಗುವಿಗೆ ಹದಿನೆಂಟು ತುಂಬಿದರೆ ಎಲ್ಲ ಬಾಗಿಲೂ ಮುಚ್ಚಿದಂತೆ.

ಸತ್ಯ: ಕೆಲವು ಮುಚ್ಚುತ್ತವೆ, ಕೆಲವು ತೆರೆದೇ ಇರುತ್ತವೆ. ಪ್ರಾಯೋಜಕತ್ವದ ಹಣ 18ಕ್ಕೆ ನಿಲ್ಲುತ್ತದೆ. ಆರೋಗ್ಯವಂತ ಮಕ್ಕಳಿಗೆ 144ನೇ ಕಲಂನಡಿ ಜೀವನಾಂಶವೂ ಸಾಮಾನ್ಯವಾಗಿ ಪ್ರಾಪ್ತ ವಯಸ್ಸಿನವರೆಗೆ ಮಾತ್ರ. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ, ಸ್ವಂತ ಆದಾಯದಿಂದಾಗಲಿ ಆಸ್ತಿಯಿಂದಾಗಲಿ ತನ್ನನ್ನು ಸಾಕಿಕೊಳ್ಳಲಾಗದ ಮಗಳನ್ನು ಮದುವೆಯಾಗುವವರೆಗೂ ಸಾಕುವುದು ತಂದೆತಾಯಿಯ ಹೊಣೆ. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಎತ್ತಿಹಿಡಿಯಿತು. ಡಿಗ್ರಿ ಓದುತ್ತಿರುವ ಮಗಳು ಈ ಕಾಯ್ದೆಯಡಿ ತನ್ನ ಹೆಸರಿನಲ್ಲೇ ಕೇಳಬಹುದು. ಪದವಿ ವಿದ್ಯಾರ್ಥಿವೇತನಗಳಿಗಂತೂ 18 ಎಂಬುದು ಗಡಿಯೇ ಅಲ್ಲ.

ತಪ್ಪು ಕಲ್ಪನೆ 5: ಸಂಗಾತಿ ತೀರಿಕೊಂಡ ಮೇಲೆ ಪಿಎಫ್ ಹಣ ತಗೊಂಡರೆ ಲೆಕ್ಕ ಮುಗಿಯಿತು.

ಸತ್ಯ: ಪಿಎಫ್ ಜೊತೆಗೆ 1995ರ ನೌಕರರ ಪಿಂಚಣಿ ಯೋಜನೆಯೂ ಇದೆ. ಸದಸ್ಯರು ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ, ಪತ್ನಿಗೆ ಅಥವಾ ಪತಿಗೆ ಪಿಂಚಣಿ ಬರುತ್ತದೆ. ಅದರ ಮೇಲೆ ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ ತಲಾ ಶೇ 25ರಷ್ಟು ಪಿಂಚಣಿ, 25 ವರ್ಷದವರೆಗೆ. ಅಂದರೆ ಓದಿನ ವರ್ಷಗಳುದ್ದಕ್ಕೂ. ಇದಲ್ಲದೆ ನೌಕರರ ಠೇವಣಿ ಆಧಾರಿತ ವಿಮೆಯ ಹಣವೂ ಇದೆ, ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ.

ಹೆಂಡತಿಯನ್ನು ಕಳೆದುಕೊಂಡ ತಂದೆಯರು ಇನ್ನೊಂದನ್ನೂ ತಿಳಿಯಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಆಧಾರವಾಗಿದ್ದವರು 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಒಂದೇ ಸಲ ಸಿಗುತ್ತದೆ. ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿಯೂ ಕುಟುಂಬದ ಆಧಾರವೇ ಎಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಸಂಬಳ ತರದ ಹೆಂಗಸು ಎಂದು ಅವಳ ಸಾವನ್ನು ಲೆಕ್ಕದಿಂದ ಬಿಡುವಂತಿಲ್ಲ.

ತಪ್ಪು ಕಲ್ಪನೆ 6: ಎಲ್ಲ ಕಾಗದಕ್ಕೂ ಅಪ್ಪನ ಸಹಿ ಬೇಕೇ ಬೇಕು.

ಸತ್ಯ: ಅವಿವಾಹಿತ ತಾಯಿ ತಂದೆಯ ಹೆಸರು ಬಯಲು ಮಾಡದೆಯೇ ಮಗುವಿನ ಪೋಷಕಿಯಾಗಿ ನೇಮಕಗೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಗಿ, ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೆ ಸಾಕೆಂದಾಯಿತು. ಅಂತರ್ಜಾತಿ ಮದುವೆಯ ಮಗು ತಂದೆಯ ಜಾತಿಯನ್ನೇ ಪಡೆಯಬೇಕೆಂದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿಯ ಸಮುದಾಯದಲ್ಲೇ ಬೆಳೆದು ಅಲ್ಲಿನ ಅನನುಕೂಲಗಳನ್ನೇ ಉಂಡಿದ್ದರೆ ಅದನ್ನು ಸಾಬೀತುಪಡಿಸಿ ತಾಯಿಯ ಜಾತಿ ಕೇಳಬಹುದೆಂದು 2012ರ ತೀರ್ಪು ಹೇಳಿದೆ. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಪ್ರಮಾಣಪತ್ರವೇ ತಳಹದಿಯಾದ್ದರಿಂದ ಇದು ಸಣ್ಣ ವಿಷಯವಲ್ಲ. ಕೌಂಟರಿನಲ್ಲಿ "ತಂದೆಯವರನ್ನು ಕರ್ಕೊಂಡು ಬನ್ನಿ" ಎಂದರೆ, ಯಾವ ನಿಯಮದ ಪ್ರಕಾರವೆಂದು ಲಿಖಿತವಾಗಿ ಕೊಡಲು ಕೇಳಿ.

ಈ ಆರೂ ಕಲ್ಪನೆಗಳ ಬೇರಿನಲ್ಲಿ ಒಂದೇ ತಪ್ಪಿದೆ: ನೆರವನ್ನು ತಾಯಿಯ ಮದುವೆಯ ಕಥೆಗೆ ಗಂಟು ಹಾಕುವುದು. ಅವಳು ವಿಧವೆಯೋ, ಬಿಟ್ಟವಳೋ, ಮದುವೆಯೇ ಆಗದವಳೋ ಎಂದು ಊರು ಮೊದಲು ಕೇಳುತ್ತದೆ. ಮಕ್ಕಳ ಪಿಂಚಣಿ, ಪ್ರಾಯೋಜಕತ್ವ, ಜೀವನಾಂಶ, ವಿದ್ಯಾರ್ಥಿವೇತನ ಇವೆಲ್ಲ ಓದುವ ಮಗುವಿನ ಹಕ್ಕುಗಳು. ಅಪ್ಪ ಅಮ್ಮನ ನಡುವೆ ಏನೇ ಆಗಿರಲಿ, ಆ ಹಕ್ಕು ಕುಂದುವುದಿಲ್ಲ. ಹೈಸ್ಕೂಲು, ಪಿಯು ಕಾಲೇಜುಗಳ ದಾಖಲಾತಿ ಮೇಜಿನಲ್ಲಿ ಕೂರುವ ಶಿಕ್ಷಕರು ಇಷ್ಟನ್ನು ತಿಳಿದು ಪ್ರತಿ ಒಂಟಿ ಪೋಷಕರಿಗೂ ಹೇಳಬೇಕು. ಮಗುವಿಗೆ ಹದಿನೆಂಟಾಗುವ ಮೊದಲೇ ಹೇಳಬೇಕು, ಏಕೆಂದರೆ ಕೆಲವು ಬಾಗಿಲುಗಳು ಆ ಹುಟ್ಟುಹಬ್ಬದ ದಿನವೇ ಮುಚ್ಚುತ್ತವೆ.