ಗುಂಡನಿಗೆ ಜೊತೆ ಬೇಕಿರಲಿಲ್ಲ

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡು ಮುಂದೂಡ್ತಾ ಬಂದಿದ್ದೆ. ನನ್ನದೇ ತಪ್ಪಿನ ಕಥೆ ನೋಡಿ, ಕೀಬೋರ್ಡಿನ ಮೇಲೆ ಬೆರಳು ಬೇಗ ಓಡಲ್ಲ. ಆದ್ರೆ ಕಳೆದ ವಾರ ಇಲ್ಲೇ ಸ್ಟುಟ್‌ಗಾರ್ಟಿನಲ್ಲಿರೋ ಗೆಳೆಯ ಫೋನ್ ಮಾಡಿ, "ಮಗಳ ಹುಟ್ಟುಹಬ್ಬಕ್ಕೆ ಎರಡು ಹ್ಯಾಮ್‌ಸ್ಟರ್ ತರೋಣ ಅಂತಿದೀನಿ ಕಣೋ, ಒಂದಕ್ಕೊಂದು ಜೊತೆ ಇರತ್ತೆ" ಅಂದ. ಇನ್ನು ಸುಮ್ಮನಿರೋಕಾಗಲಿಲ್ಲ.

ನಾನು ಜರ್ಮನಿಗೆ ಬಂದ ಎರಡನೇ ಚಳಿಗಾಲ ಅದು. ಸಂಜೆ ನಾಲ್ಕೂವರೆಗೇ ಕತ್ತಲು. ಆಫೀಸು ಬಿಟ್ಟರೆ ಒಂದು ರೂಮಿನ ಮನೆ, ಅನ್ನ-ತಿಳಿಸಾರು, ಅಮ್ಮನ ಫೋನು. ಮಾತಾಡ್ಸೋಕೆ ಒಂದು ಜೀವ ಇರ್ಲಿ ಅಂತ ಗೋಲ್ಡನ್ ಹ್ಯಾಮ್‌ಸ್ಟರ್ ತಂದೆ. ಕೆನ್ನೆಯೊಳಗಿನ ಚೀಲಕ್ಕೆ ಕಾಳು ತುಂಬ್ಕೊಂಡ್ರೆ ಅವನ ಮುಖ ಎರಡರಷ್ಟಾಗ್ತಿತ್ತು, ಅದಕ್ಕೇ ಗುಂಡ ಅಂತ ಹೆಸರಿಟ್ಟೆ. "ಇಲ್ಲಿ ನಾವು ಇಲಿಗೆ ಬೋನು ಇಡ್ತೀವಿ, ನೀನು ದುಡ್ಡು ಕೊಟ್ಟು ತರ್ತೀಯಾ? ಹೋಗ್ಲಿ, ಗಣಪತಿ ವಾಹನ, ಚೆನ್ನಾಗಿ ನೋಡ್ಕೋ" ಅಂದ್ರು ಅಮ್ಮ. (ಅಂದ ಹಾಗೆ, ಜರ್ಮನ್ನರು ಕೂಡಿಡೋದಕ್ಕೆ 'ಹಾಮ್‌ಸ್ಟರ್‌ನ್' ಅಂತಲೇ ಕ್ರಿಯಾಪದ ಮಾಡ್ಕೊಂಡಿದಾರೆ. 2020ರಲ್ಲಿ ಜನ ಟಾಯ್ಲೆಟ್ ಪೇಪರ್ ಬಾಚಿಕೊಂಡು ಹೋದಾಗ ಪೇಪರಿನಲ್ಲೆಲ್ಲ ಇದೇ ಪದ!)

ಅಂಗಡಿಯಲ್ಲಿ ಜೊತೆಗೇ ಕೊಟ್ಟ ಪಂಜರ 60 ಸೆಂ.ಮೀ. ಉದ್ದದ್ದು, ತಳದಲ್ಲಿ ಒಂದು ಹಿಡಿ ಮರದ ಹೊಟ್ಟು. ಗುಂಡ ರಾತ್ರಿಯಿಡೀ ಕಂಬಿ ಕಚ್ತಿದ್ದ. ಪಾಪ, ಒಂಟಿ, ಬೇಜಾರಾಗಿರ್ಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಬೇಜಾರು ಯಾರಿಗಾಗಿತ್ತು ಅನ್ನೋದು ಬೇರೆ ಮಾತು. ಕ್ರಿಸ್‌ಮಸ್ ರಜೆಗೆ ಎರಡು ದಿನ ಮೊದಲು ಅದೇ ಅಂಗಡಿಗೆ ಹೋದೆ. "ಎರಡೂ ಗಂಡು, ಹೊಂದ್ಕೋತಾವೆ" ಅಂದ ಅಲ್ಲಿನ ಹುಡುಗ. ಪುಟ್ಟನನ್ನ ತಂದು ಗುಂಡನ ಪಂಜರಕ್ಕೇ ಬಿಟ್ಟೆ. ಒಂದು ಫೋಟೋನೂ ತೆಗೆದೆ.

ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು. ಅಷ್ಟು ಪುಟ್ಟ ಪ್ರಾಣಿ ಅಂಥಾ ಕೂಗು ಹಾಕತ್ತೆ ಅಂತ ಗೊತ್ತಿರಲಿಲ್ಲ. ಲೈಟ್ ಹಾಕೋ ಹೊತ್ತಿಗೆ ಪುಟ್ಟನ ಹೊಟ್ಟೆಯ ಪಕ್ಕ ಹರಿದಿತ್ತು. ಬೆಳಿಗ್ಗೆ ಪಶುವೈದ್ಯರ ಹತ್ರ ಓಡಿದೆ. ಡಾಕ್ಟರಮ್ಮ ಹೊಲಿಗೆ ಹಾಕಿದ್ರು, ಔಷಧಿ ಕೊಟ್ರು. ಬೈಯಲಿಲ್ಲ. "ಐನ್‌ಜೆಲ್‌ಗೆಂಗರ್" ಅಂದ್ರು ಅಷ್ಟೇ. ನಮ್ಮಲ್ಲಿ ಒಂಟಿಸಲಗ ಅಂತೀವಲ್ಲ, ಹಾಗೆ. ಮೂರನೇ ದಿನ ಪುಟ್ಟ ಹೋಗ್ಬಿಟ್ಟ. ಮನೆ ಮಾಲೀಕರನ್ನ ಕೇಳಿ, ಹೆಪ್ಪುಗಟ್ಟಿದ ಹಿತ್ತಲ ಮಣ್ಣು ಅಗೆದು, ಶೂ ಡಬ್ಬದಲ್ಲಿಟ್ಟು ಮುಚ್ಚಿದೆ.

ಆಮೇಲೆ ಓದೋಕೆ ಕೂತೆ. ಕೋಡ್ ಬರೆಯೋ ಮುಂಚೆ ಓದಬೇಕಾದ ಮ್ಯಾನ್ಯುಅಲ್ಲನ್ನ ಸಿಸ್ಟಮ್ ಕ್ರ್ಯಾಶ್ ಆದ್ಮೇಲೆ ಓದಿದ ಹಾಗೆ. 1930ರಲ್ಲಿ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಹತ್ತಿರದ ಗೋಧಿ ಹೊಲವೊಂದನ್ನ ಅಗೆಸಿ, ಸುಮಾರು ಎಂಟು ಅಡಿ ಆಳದಿಂದ ಒಂದು ತಾಯಿ, ಹನ್ನೊಂದು ಮರಿಗಳನ್ನ ತೆಗೆಸಿದ. ಇವತ್ತು ಮನೆಗಳಲ್ಲಿರೋ ಗೋಲ್ಡನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಮರಿಗಳ ಸಂತಾನವೇ. ಮುಂದೆ ಜರ್ಮನ್ ಸಂಶೋಧಕರು ಅದೇ ಕಡೆ ಬಿಲಗಳನ್ನ ಅಳೆದು 2001ರಲ್ಲಿ ಬರೆದರು: ಸರಾಸರಿ 65 ಸೆಂ.ಮೀ. ಆಳ, ಬಿಲಕ್ಕೆ ದೊಡ್ಡದು ಒಂದೇ ಒಂದು. ಇನ್ನೊಂದು ದೊಡ್ಡದು ಬಂದ್ರೆ ಅದು ಗೆಳೆಯ ಅಲ್ಲ, ಕಳ್ಳ. ಕಾಡಿನಲ್ಲಿ ಸೋತದ್ದು ಓಡಿಹೋಗತ್ತೆ. ನನ್ನ ಪಂಜರದಲ್ಲಿ ಪುಟ್ಟ ಎಲ್ಲಿಗೆ ಓಡ್ಬೇಕಿತ್ತು?

ಕಂಬಿ ಕಚ್ಚೋದರ ಗುಟ್ಟೂ ಆಗಲೇ ತಿಳಿದದ್ದು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 10, 40, 80 ಸೆಂ.ಮೀ. ಆಳದ ಹಾಸು ಹಾಕಿ ಹ್ಯಾಮ್‌ಸ್ಟರ್‌ಗಳನ್ನ ಗಮನಿಸಿದ ಅಧ್ಯಯನ 2006ರಲ್ಲಿ ಬಂತು. 10 ಸೆಂ.ಮೀ.ನಲ್ಲಿದ್ದವು ಕಂಬಿ ಕಚ್ಚಿದ್ದೇ ಕಚ್ಚಿದ್ದು. 80ರಲ್ಲಿದ್ದವು ಕಚ್ಚಲೇ ಇಲ್ಲ. ಗುಂಡನಿಗೆ ಬೇಕಿದ್ದದ್ದು ಜೊತೆ ಅಲ್ಲ, ಅಗೆಯೋಕೆ ನೆಲ!

ಇಲ್ಲಿನ ಪಶುವೈದ್ಯರ ಪ್ರಾಣಿಕಲ್ಯಾಣ ಸಂಘ ಕನಿಷ್ಠ 100 × 50 × 50 ಸೆಂ.ಮೀ. ಜಾಗ ಬೇಕು ಅನ್ನತ್ತೆ. ನಾನು 120 ಸೆಂ.ಮೀ. ಉದ್ದದ ಹಳೇ ಅಕ್ವೇರಿಯಂ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಮೇಲೆ ಜಾಲರಿ ಮುಚ್ಚಿ, ಮೊಣಕೈ ಮುಳುಗೋಷ್ಟು ಹೊಟ್ಟು-ಒಣಹುಲ್ಲು ತುಂಬಿದೆ. ಚಕ್ರ 30 ಸೆಂ.ಮೀ. ವ್ಯಾಸದ್ದು, ಸಂದಿಗಳಿಲ್ಲದ್ದು. ಚಿಕ್ಕದಾದ್ರೆ ಬೆನ್ನು ಬಾಗತ್ತೆ, ಸರಳಿನ ಸಂದಿ ಇದ್ರೆ ಕಾಲು ಸಿಕ್ಕಿಹಾಕ್ಕೊಳತ್ತೆ. ಗೂಡಿಗೆ ಅಂತ ಮಾರೋ ಹತ್ತಿ ಮುಟ್ಟಲೇಬೇಡಿ. ಎಳೆ ಕಾಲಿಗೆ ಸುತ್ಕೊಳತ್ತೆ, ನುಂಗಿದ್ರೆ ಕರುಳಿಗೆ ಅಪಾಯ. ವಾಸನೆ ಇಲ್ಲದ ಟಿಶ್ಯೂ ಹರಿದು ಹಾಕಿದ್ರೆ ಸಾಕು. ಸ್ನಾನ ನೀರಲ್ಲಲ್ಲ, ಮರಳಿನ ತಟ್ಟೆಯಲ್ಲಿ, ಅವನೇ ಮಾಡ್ಕೋತಾನೆ. ಊಟಕ್ಕೆ ಕಾಳು, ಬೀಜ, ಚೂರು ಸೌತೆಕಾಯಿ... ವಾರಕ್ಕೆರಡು ಸಲ ಒಣಗಿದ ಹುಳ. ಈ ಕೊನೇದನ್ನ ಅಮ್ಮನಿಗೆ ಹೇಳಿಲ್ಲ :-)

ಕಂಬಿಯೇ ಇಲ್ಲದ ಮನೆ, ಇನ್ನು ಕಚ್ಚೋದೆಲ್ಲಿ ಬಂತು. ಗುಂಡ ಸುರಂಗ ತೋಡಿದ, ಒಂದು ಮೂಲೆ ಉಗ್ರಾಣ, ಒಂದು ಮೂಲೆ ಮಲಗೋಕೆ. ದಿನಗಟ್ಟಲೆ ಮುಖ ತೋರಿಸ್ತಿರಲಿಲ್ಲ. ನನ್ನ ಒಂಟಿತನ ಕಳೀಲಿ ಅಂತ ತಂದವನು ನನ್ನನ್ನ ಕ್ಯಾರೇ ಅನ್ನಲ್ಲ! ಮೊದಮೊದಲು ಬೇಜಾರಾಯ್ತು, ನಿಜ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಜೊತೆಗೆ, ಆಯಸ್ಸು ಎರಡು-ಮೂರು ವರ್ಷ ಅಷ್ಟೇ, ಬಾಲದ ಹತ್ರ ಒದ್ದೆ ಕಂಡ್ರೆ ಅವತ್ತೇ ಡಾಕ್ಟರ್ ಹತ್ರ ಹೋಗ್ಬೇಕು, ಊರಿಗೆ ಹೋದಾಗ ನೋಡ್ಕೊಳೋರು ಯಾರು ಅಂತ ಈಗಲೇ ಯೋಚಿಸು ಅಂದೆ. ಅವನು ನಂಬಲಿಲ್ಲ. "ಮಗಳಿಗೆ ಒಂದ್ಸಲ ತೋರ್ಸು" ಅಂದ. ಶನಿವಾರ ಸಂಜೆ ಬಂದ್ರು. ಏಳು ವರ್ಷದ ಹುಡುಗಿ ಗಾಜಿಗೆ ಮೂಗೊತ್ತಿ ಕೂತಳು. ಎಂಟಾಯ್ತು, ಒಂಬತ್ತಾಯ್ತು. "ಎಬ್ಬಿಸಿ ಅಂಕಲ್" ಅಂದಳು. ನಿದ್ದೇಲಿ ಎಬ್ಬಿಸಿದ್ರೆ ಕಚ್ತಾನೆ ಪುಟ್ಟಿ, ಅಂದೆ. ಹತ್ತು ಗಂಟೆಗೆ ಅವಳು ಸೋಫಾ ಮೇಲೆ ನಿದ್ದೆ ಹೋದಳು. ಹತ್ತೂಕಾಲಿಗೆ ಗುಂಡ ಎದ್ದು ಬಂದ.

ಅವಳೀಗ ಮೀನಿನ ತೊಟ್ಟಿ ಕೇಳ್ತಿದಾಳಂತೆ. ಮೀನಿನ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದ್ರೂ ಸಾಕಿದ್ರೆ, ಅವರು ಅಂಗಡಿಗೆ ಹೋಗೋ ಮುಂಚೆ ಹೇಳಿ.