ಮುಪ್ಪಿನ ಮಿದುಳು: ಮಾತ್ರೆಯ ಡಬ್ಬಿಗಿಂತ ಮುಖ್ಯವಾದ ಕೆಲವು ಮಾತು

ವಯಸ್ಸಾದಂತೆ ಮರೆವು, ಕೈನಡುಕ, ನಡಿಗೆಯಲ್ಲಿ ತಡವರಿಕೆ ಕಂಡುಬಂದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುವವರು ಹಲವರು. ಇನ್ನು ಕೆಲವರು ಔಷಧದ ಅಂಗಡಿಯಿಂದ 'ಆಂಟಿಆಕ್ಸಿಡೆಂಟ್' ಎಂದು ಬರೆದ ಮಾತ್ರೆಯ ಡಬ್ಬಿ ತರುತ್ತಾರೆ. ದಿನಾ ಒಣದ್ರಾಕ್ಷಿ ತಿಂದರೆ ನೆನಪು ಚುರುಕಾಗುತ್ತದೆ ಎಂದು ನಂಬುವವರೂ ಇದ್ದಾರೆ. ನಿಜವಾಗಿ ವಯಸ್ಸಾದ ಮಿದುಳಿನೊಳಗೆ ಆಗುವುದೇನು? ನಮ್ಮ ಕ್ರಿಸ್ಮಸ್ ಕೇಕಿಗೂ ಪಾಯಸಕ್ಕೂ ಒಣದ್ರಾಕ್ಷಿ ಬೆಳೆದು ಕೊಡುವ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ತೋಟಗಳಿಗೂ ಈ ಪ್ರಶ್ನೆಗೂ ಎರಡು ಬಗೆಯ ನಂಟಿದೆ. ಒಂದು ತಿನ್ನುವ ಹಣ್ಣಿನದು, ಇನ್ನೊಂದು ಆ ಹಣ್ಣಿಗೆ ಹೊಡೆಯುವ ಔಷಧದ್ದು.

ಒಲೆ ಮತ್ತು ಕಿಡಿ

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2 ಮಾತ್ರ. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು ಶೇ. 20ನ್ನು ಅದೇ ಬಳಸಿಕೊಳ್ಳುತ್ತದೆ. ಈ ಆಮ್ಲಜನಕ ಬಳಕೆಯಾಗುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಲ್ಲಿ. ಉಂಡ ಅನ್ನದ ಸತ್ವ ಅಲ್ಲಿ 'ಉರಿದು' ಶಕ್ತಿಯಾಗುತ್ತದೆ. ಈ ಕೆಲಸವನ್ನು ಸಾಲಾಗಿ ನಿಂತು ನಡೆಸುವವು ಪ್ರೋಟೀನುಗಳ ಗುಂಪುಗಳು. ಮೊದಲನೆಯ ಗುಂಪಿಗೆ 'ಕಾಂಪ್ಲೆಕ್ಸ್ ಒಂದು' ಎಂದು ಹೆಸರು. ಮನುಷ್ಯರಲ್ಲಿ ಇದೊಂದರಲ್ಲೇ 45 ಬಿಡಿಭಾಗಗಳಿವೆ.

ಎಷ್ಟೇ ಒಳ್ಳೆಯ ಒಲೆಯಾದರೂ ಕಿಡಿ ಹಾರುತ್ತದೆ. ಇಲ್ಲಿ ಹಾರುವ ಕಿಡಿಗಳೇ ಫ್ರೀ ರ‍್ಯಾಡಿಕಲ್‌ಗಳು. ಅವು ಮೊದಲು ಸುಡುವುದು ಪಕ್ಕದಲ್ಲೇ ಇರುವ ಮೈಟೋಕಾಂಡ್ರಿಯಾದ ಪ್ರೋಟೀನುಗಳನ್ನು. ಸುಟ್ಟ ಪ್ರೋಟೀನು ಆಕಾರ ಕೆಟ್ಟು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಶಕ್ತಿ ಕಡಿಮೆಯಾಗಿ ಕಿಡಿ ಇನ್ನಷ್ಟು ಹೆಚ್ಚುತ್ತದೆ.

ಇದನ್ನು ತಡೆಯಲು ದೇಹದಲ್ಲೇ ವ್ಯವಸ್ಥೆಯಿದೆ. ಗ್ಲುಟಾಥಯೋನ್ ಎಂಬ ವಸ್ತುವೂ ಕೆಲವು ಕಿಣ್ವಗಳೂ ಕಿಡಿ ಆರಿಸುತ್ತವೆ. ತೀರಾ ಹಾಳಾದ ಮೈಟೋಕಾಂಡ್ರಿಯಾವನ್ನು ಜೀವಕೋಶವೇ ಒಡೆದು ವಿಲೇವಾರಿ ಮಾಡುತ್ತದೆ. ಕಿಡಿ ಹೆಚ್ಚಾಗಿ ಆರಿಸುವ ಶಕ್ತಿ ಕುಂದಿದ ಸ್ಥಿತಿಗೆ ಆಕ್ಸಿಡೇಟಿವ್ ಒತ್ತಡ ಎನ್ನುತ್ತಾರೆ. ಚರ್ಮದ ಕೋಶಗಳಂತೆ ಮಿದುಳಿನ ನರಕೋಶಗಳು ದಿನದಿನ ಹೊಸದಾಗಿ ಹುಟ್ಟುವುದಿಲ್ಲ. ಹೆಚ್ಚಿನವು ನಮ್ಮಷ್ಟೇ ವಯಸ್ಸಿನವು. ಆದ್ದರಿಂದ ಈ ಸವೆತ ಅಲ್ಲಿ ಎದ್ದು ಕಾಣುತ್ತದೆ.

ಬೆಂಗಳೂರಿನಲ್ಲಿ ಕಂಡದ್ದು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮರಣಾನಂತರ ಕುಟುಂಬದವರು ಒಪ್ಪಿ ದಾನ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಡಾ. ಎಸ್.ಕೆ. ಶಂಕರ್, ಡಾ. ಶ್ರೀನಿವಾಸ ಭರತ್ ಮತ್ತು ಸಂಗಡಿಗರು ಬೇರೆ ಬೇರೆ ವಯಸ್ಸಿನವರ ಮಿದುಳುಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿದರು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ, ಹಣೆಯ ಹಿಂದಿನ ಭಾಗದಲ್ಲಿ ವಯಸ್ಸಿನೊಂದಿಗೆ ಆಕ್ಸಿಡೇಟಿವ್ ಒತ್ತಡ ಏರುತ್ತದೆ, ಕಿಡಿ ಆರಿಸುವ ಶಕ್ತಿ ಇಳಿಯುತ್ತದೆ ಎಂದು ಅವರು ಕಂಡರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹಾಳಾಗುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿಯೂ ವಯಸ್ಸಿನೊಂದಿಗೆ ಇಂಥದೇ ಹಾನಿ ಪಕ್ಕದ ಭಾಗಕ್ಕಿಂತ ಹೆಚ್ಚಾಗಿ ಕಂಡಿತು. ಅಂದರೆ ಕಾಯಿಲೆ ಬರುವ ಮೊದಲೇ ನೆಲ ಸಡಿಲಾಗಿರುತ್ತದೆ. ಹಾಗೆಂದು ವಯಸ್ಸಾದ ಎಲ್ಲರಿಗೂ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ.

ಮಾತ್ರೆ ನುಂಗಿದರೆ?

ವಿಜಯಪುರ ನಗರದಲ್ಲೂ ಆಕ್ಸಿಡೇಟಿವ್ ಒತ್ತಡದ ಬಗ್ಗೆ ಕೆಲಸ ನಡೆದಿದೆ. ಅಲ್ಲಿನ ಅಲ್-ಅಮೀನ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಕುಸಾಲ್ ದಾಸ್ ಮತ್ತು ಸಂಗಡಿಗರು ನಿಕ್ಕಲ್ ಲೋಹ ದೇಹದಲ್ಲಿ ಹೇಗೆ ಇಂಥ ಒತ್ತಡ ಉಂಟುಮಾಡುತ್ತದೆ ಎಂದು 2008ರಲ್ಲಿ ವಿವರವಾಗಿ ಬರೆದರು. ನಿಕ್ಕಲ್ ಕೊಟ್ಟ ಇಲಿಗಳಲ್ಲಿ ವಿಟಮಿನ್ ಸಿ ಹಾನಿಯನ್ನು ತಗ್ಗಿಸುತ್ತದೆಯೇ ಎಂದೂ ಈ ತಂಡ ಪರೀಕ್ಷಿಸಿತ್ತು. ಆದರೆ ಲೋಹದ ವಿಷ ತಗಲಿದ ಇಲಿಯೇ ಬೇರೆ, ಎಪ್ಪತ್ತು ವರ್ಷ ಬಾಳಿದ ಮನುಷ್ಯನ ಮಿದುಳೇ ಬೇರೆ.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳು ಏನು ಹೇಳುತ್ತವೆ? ಪಾರ್ಕಿನ್ಸನ್ ಆರಂಭವಾಗಿದ್ದ 800 ಜನರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 1993ರಲ್ಲಿ ಬಂತು. ವಿಟಮಿನ್ ಇ ಕಾಯಿಲೆಯನ್ನು ನಿಧಾನಗೊಳಿಸಲಿಲ್ಲ. ವಯಸ್ಸಾದ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ವಿಟಮಿನ್ ಇ, ಸೆಲೆನಿಯಂ ಮಾತ್ರೆಗಳು ಮರೆಗುಳಿತನವನ್ನು ತಡೆಯಲಿಲ್ಲ ಎಂದು 2017ರಲ್ಲಿ ತಿಳಿಯಿತು. ಆಲ್ಝೈಮರ್ ಈಗಾಗಲೇ ಇದ್ದವರ ದಿನನಿತ್ಯದ ಕೆಲಸಕಾರ್ಯದ ಕುಸಿತ ವಿಟಮಿನ್ ಇ ಯಿಂದ ಸ್ವಲ್ಪ ನಿಧಾನವಾಯಿತು ಎಂದು 2014ರ ಒಂದು ಪರೀಕ್ಷೆ ಹೇಳಿದ್ದುಂಟು. ಅದೂ ವೈದ್ಯರ ಮೇಲ್ವಿಚಾರಣೆಯಲ್ಲಿ. ಹೊರಗಿನಿಂದ ನುಂಗಿದ ಮಾತ್ರೆ ನರಕೋಶದೊಳಗಿನ ಒಲೆಯ ಬಳಿಗೆ ಬೇಕಾದಷ್ಟು ತಲುಪದಿರುವುದು ಇದಕ್ಕೆ ಒಂದು ಕಾರಣವಿರಬಹುದು.

ಒಣದ್ರಾಕ್ಷಿ ಒಳ್ಳೆಯ ತಿಂಡಿಯೇ. ಆದರೆ ಅದು ಔಷಧವಲ್ಲ. ಅದರಲ್ಲಿ ಸಕ್ಕರೆ ಬಹಳ. ಮಧುಮೇಹ ಇರುವ ಹಿರಿಯರು ನೆನಪಿನ ಆಸೆಗೆ ಮುಷ್ಟಿ ತುಂಬ ತಿನ್ನಬಾರದು.

ತೋಟದವರ ಕಷ್ಟ

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಮೋಡ ಕವಿದರೆ ಎದೆ ನಡುಗುತ್ತದೆ. ಡೌನಿ ರೋಗ, ಬೂದಿ ರೋಗ ಬಂದರೆ ವರ್ಷದ ದುಡಿಮೆ ಹೋಯಿತು. ಆದ್ದರಿಂದ ಮತ್ತೆ ಮತ್ತೆ 'ಎಣ್ಣಿ' ಹೊಡೆಯಲೇಬೇಕು. ಈ ರೋಗಗಳಿಗೆ ಬಳಸುವ ಅಝಾಕ್ಸಿಸ್ಟ್ರೋಬಿನ್‌ನಂಥ ಔಷಧಗಳು ಶಿಲೀಂಧ್ರವನ್ನು ಕೊಲ್ಲುವುದೇ ಅದರ ಮೈಟೋಕಾಂಡ್ರಿಯಾವನ್ನು ಕಟ್ಟಿಹಾಕಿ. ಇದರಿಂದ ಮನುಷ್ಯನ ಮಿದುಳು ಕೆಡುತ್ತದೆ ಎಂದು ಹೇಳಲಾಗದು. ಆದರೆ ಕೆಲವು ಬೇರೆ ಔಷಧಗಳ ಬಗ್ಗೆ ಪುರಾವೆ ಬಲವಾಗಿದೆ. ರೋಟೆನೋನ್ ಎಂಬ ಕೀಟನಾಶಕ 'ಕಾಂಪ್ಲೆಕ್ಸ್ ಒಂದು' ಪ್ರೋಟೀನು ಗುಂಪನ್ನೇ ತಡೆಯುತ್ತದೆ. ಅದನ್ನು ಕೊಟ್ಟ ಇಲಿಗಳಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಕಂಡವು ಎಂದು 2000ದಲ್ಲಿ ವರದಿಯಾಯಿತು. ಕಳೆನಾಶಕ ಪ್ಯಾರಾಕ್ವಾಟ್ ಕಿಡಿಗಳನ್ನು ಹೆಚ್ಚಿಸುತ್ತದೆ. ಈ ಎರಡರಲ್ಲಿ ಒಂದನ್ನಾದರೂ ಬಳಸಿದ ಅಮೆರಿಕದ ಕೃಷಿಕರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತೆಂದು 2011ರ ಅಧ್ಯಯನ ಹೇಳಿತು. ನೆರೆಯ ಕೇರಳ ಅದೇ ವರ್ಷ ಪ್ಯಾರಾಕ್ವಾಟನ್ನು ನಿಷೇಧಿಸಿತು.

ಅದೇ ಕೃಷಿಕರ ಬಗ್ಗೆ 2015ರಲ್ಲಿ ಬಂದ ವರದಿಯಲ್ಲಿ ಒಂದು ಸಮಾಧಾನದ ಸಂಗತಿಯಿತ್ತು. ಪ್ಯಾರಾಕ್ವಾಟ್‌ಗೂ ಕಾಯಿಲೆಗೂ ಇದ್ದ ನಂಟು ಕಂಡದ್ದು ಕೈಗವಸು ಹಾಕದೆ ಕೆಲಸ ಮಾಡಿದವರಲ್ಲಿ. ಕೂಲಿಗೆ ಬಂದು ಬರಿಗೈಯಲ್ಲಿ ಔಷಧ ಕಲಸುವವರಿಗೆ ಒಂದು ಜೊತೆ ರಬ್ಬರ್ ಕೈಗವಸು, ಕೆಲಸ ಮುಗಿದ ಮೇಲೆ ಸೋಪು ನೀರು, ಬೇರೆ ಬಟ್ಟೆ ಒದಗಿಸುವುದು ತೋಟದ ಯಜಮಾನರಿಗೆ ದೊಡ್ಡ ಖರ್ಚಲ್ಲ. ಅಡಿಕೆ, ಭತ್ತ, ಮಲ್ಲಿಗೆಗೆ ಔಷಧ ಹೊಡೆಯುವ ನಮ್ಮ ಕರಾವಳಿಗೂ ಈ ಮಾತು ಸಲ್ಲುತ್ತದೆ.

ನಾವು ಮಾಡಬಹುದಾದದ್ದು

ವಯಸ್ಸನ್ನು ತಡೆಯಲಾಗದು. ಆದರೆ ಒಲೆಗೆ ಬೀಳುವ ಹೆಚ್ಚುವರಿ ಭಾರವನ್ನು ಇಳಿಸಬಹುದು. ಬಿ.ಪಿ., ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಬೀಡಿ-ಸಿಗರೇಟು ಬಿಡುವುದು, ದಿನವೂ ನಡೆಯುವುದು, ಕಿವಿ ಮಂದವಾದರೆ ಶ್ರವಣಯಂತ್ರ ಹಾಕಿಸುವುದು, ಒಂಟಿಯಾಗಿರುವ ಹಿರಿಯರೊಡನೆ ಮಾತುಕತೆ ಇಟ್ಟುಕೊಳ್ಳುವುದು. ಇಂಥ 14 ಅಂಶಗಳನ್ನು ಸರಿಪಡಿಸಿದರೆ ಮರೆಗುಳಿತನದ ಸುಮಾರು ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ. ಮನೆಭೇಟಿಗೆ ಹೋಗುವ ವಾಳೆಯ ಗುರಿಕಾರರು, ಧರ್ಮಭಗಿನಿಯರು ಹಿರಿಯರಲ್ಲಿ ಹೊಸದಾಗಿ ಕೈನಡುಕ, ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡರೆ ಮನೆಯವರಿಗೆ ತಿಳಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ಮಾತ್ರೆಯ ಡಬ್ಬಿಗೆ ಹಾಕುವ ಹಣ ಆ ಪ್ರಯಾಣಕ್ಕೆ ಉಪಯೋಗವಾದರೆ ಹೆಚ್ಚು ಒಳಿತು.